ಬಾರದವನ ಬಾಗಿಲು

"ಗುರುಗಳೇ, ಒಳ್ಳೆಯ ಕೆಲಸಕ್ಕೆ ಬಾರದವರನ್ನು ಏನು ಮಾಡಬೇಕು?" ಎಂದು ಶಿಷ್ಯನು ಕೇಳಿದನು.

ಗುರುಗಳು ಮಠದ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಕೈ ನಿಲ್ಲಿಸದೆ, "ಯಾವ ಕೆಲಸ?" ಎಂದರು.

ಶಿಷ್ಯನು ಹೇಳಿದನು. ಪೇಟೆಯ ಹುಡುಗ ಹುಡುಗಿಯರು ಮೂರು ತಿಂಗಳಿಂದ ಪ್ರತಿ ಭಾನುವಾರ ಬಂದು ಮಠದ ಹಿಂದಿನ ಹಾಳು ಕಲ್ಯಾಣಿಯ ಹೂಳು ತೆಗೆಯುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಒಬ್ಬಳು ಕಾಲೇಜಿನ ಹುಡುಗಿ ಒಂದು ದಿನ ಬಂದು ನೋಡಿದಳು, ಮುಂದಿನ ವಾರ ನಲವತ್ತು ಮಂದಿಯನ್ನು ಕರೆತಂದಳು. ಈಗ ಮೆಟ್ಟಿಲುಗಳು ಕಾಣುತ್ತಿದ್ದವು, ತಳದಲ್ಲಿ ನೀರು ಜಿನುಗುತ್ತಿತ್ತು. ಆದರೆ ನಲವತ್ತು ಮಂದಿ ಎಲ್ಲ ವಾರವೂ ಬರುತ್ತಿರಲಿಲ್ಲ. ಒಂದು ವಾರ ಮೂವತ್ತು, ಒಂದು ವಾರ ಹದಿನೆಂಟು.

"ಬಂದವರ ಹೆಸರು ಬರೆದುಕೊಳ್ಳೋಣ. ಬಾರದವರ ಹೆಸರನ್ನು ಸೋಮವಾರದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಓದಿ ಹೇಳೋಣ. ನಾಚಿಕೆಗಾದರೂ ಬರುತ್ತಾರೆ. ಕೆಲಸ ಒಳ್ಳೆಯದೇ ತಾನೆ? ಇದರಲ್ಲಿ ತಪ್ಪೇನಿದೆ?"

"ತಪ್ಪೋ ಸರಿಯೋ, ನೀನೇ ಹೇಳು. ನನಗೆ ಒಂದು ಊರಿನ ಕತೆ ಗೊತ್ತು. ಕೂತುಕೋ" ಎಂದರು ಗುರುಗಳು. ಮೊರವನ್ನು ಪಕ್ಕಕ್ಕೆ ಇಟ್ಟರು.

ಒಂದು ಊರು. ಊರಿನ ಅಂಚಿಗೆ ಒಂದು ಹಳ್ಳ. ಹಳ್ಳದ ಈಚೆಗೆ ಊರು, ಆಚೆಗೆ ಇಪ್ಪತ್ತು ಮನೆಗಳ ಒಂದು ಕೇರಿ. ಬೇಸಿಗೆಯಲ್ಲಿ ಆ ಹಳ್ಳವನ್ನು ಮಕ್ಕಳು ಓಡಿ ದಾಟುತ್ತಿದ್ದರು. ಮಳೆಗಾಲದಲ್ಲಿ ಎತ್ತುಗಳೂ ದಾಟುತ್ತಿರಲಿಲ್ಲ. ನೀರು ಏರಿದರೆ ಕೇರಿಯವರು ನಾಲ್ಕು ದಿನ, ಐದು ದಿನ ಆಚೆಯೇ ಉಳಿಯುತ್ತಿದ್ದರು.

ಊರಿಗೂ ಕೇರಿಗೂ ಸೇರಿ ಒಬ್ಬಳೇ ಸೂಲಗಿತ್ತಿ. ಅವಳ ಮನೆ ಊರಿನಲ್ಲಿತ್ತು. ಒಂದು ಮಳೆಗಾಲ ಕೇರಿಯ ಹೆಂಗಸೊಬ್ಬಳಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಹಳ್ಳದ ದಂಡೆಗೆ ಓಡಿ ಬಂದಳು. ನೀರು ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ನಿಂತವರು ಕೂಗಿ ಕೇಳಿದರು, ಈಚೆಯಿಂದ ಸೂಲಗಿತ್ತಿ ಕೂಗಿ ಹೇಳಿದಳು. ನೀರಿನ ಸದ್ದಿನಲ್ಲಿ ಅರ್ಧ ಮಾತು ಕೇಳಿತು, ಅರ್ಧ ಕೇಳಲಿಲ್ಲ. ಎರಡನೆಯ ದಿನ ಆಚೆಯಿಂದ ಕೂಗಿ ಕೇಳುವುದೂ ನಿಂತುಹೋಯಿತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ಸೂಲಗಿತ್ತಿಗೆ ಒಬ್ಬ ಮಗಳು, ಹೊನ್ನವ್ವ. ಹತ್ತೊಂಬತ್ತು ವರ್ಷದವಳು. ಆ ಎರಡು ದಿನವೂ ಅವಳು ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಅಂದಿನಿಂದ ತಾಯಿ ಹಳ್ಳದ ಕಡೆ ನೀರಿಗೆ ಹೋಗುವುದನ್ನೂ ಬಿಟ್ಟಿದ್ದನ್ನು ಅವಳು ನೋಡಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಕೇರಿಯಿಂದ ಸುದ್ದಿ ಬಂತು. ಅಲ್ಲಿಯ ಹಿರಿಯಜ್ಜಿಯ ಮೊಮ್ಮಗಳು ಬಸುರಿ. ಚೊಚ್ಚಲು. ಸೂಲಗಿತ್ತಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೃಗಶಿರ ಮಳೆ ಹಿಡಿಯುವ ಹೊತ್ತಿಗೇ ದಿನ ತುಂಬುತ್ತಿತ್ತು. ಬಸುರಿಯನ್ನು ಮೊದಲೇ ಈಚೆಗೆ ತಂದು ಇಟ್ಟುಕೊಳ್ಳೋಣವೆಂದರೆ, ಕೇರಿಯವಳನ್ನು ಇರಿಸಿಕೊಳ್ಳಲು ಊರವರು ಯಾವ ಮನೆಯವರಿಗೂ, ಸೂಲಗಿತ್ತಿಗೂ, ಬಿಡುತ್ತಿರಲಿಲ್ಲ. ಸೂಲಗಿತ್ತಿಯೇ ಆಚೆ ಹೋಗಿ ಇರೋಣವೆಂದರೆ, ಊರಿನಲ್ಲೂ ಮೂವರು ಬಸುರಿಯರಿದ್ದರು.

"ಈ ಸಲವೂ ದಂಡೆಯಲ್ಲಿ ನಿಂತು ಕೂಗುವ ಹಾಗಾದರೆ, ಈ ಕೆಲಸವನ್ನು ನಾನು ಇನ್ನು ಮುಟ್ಟುವುದಿಲ್ಲ" ಎಂದಳು ತಾಯಿ.

ಹೊನ್ನವ್ವ ಓರಗೆಯವರನ್ನು ಕೂಡಿಸಿದಳು. ಕಮ್ಮಾರನ ಮಗ ಬಂದನು, ಗಾಣಿಗನ ಮಗ ಸೋಮಲಿಂಗ ಬಂದನು, ನೇಕಾರರ ಮನೆಯ ಅಕ್ಕತಂಗಿಯರು ಬಂದರು, ಹೀಗೆ ಒಟ್ಟು ಹನ್ನೊಂದು ಮಂದಿಯಾದರು. ಊರಿನ ಹಿಂದಿನ ದಿಬ್ಬದ ಮೇಲೆ ಹಳೆಯ ಕೋಟೆಯೊಂದು ಬಿದ್ದಿತ್ತು. ಅದನ್ನು ಕಟ್ಟಿಸಿದ ನಾಯಕರ ಮನೆತನ ಎಂದೋ ಅಳಿದುಹೋಗಿತ್ತು. ಅಲ್ಲಿ ಉದ್ದದ ಚಪ್ಪಡಿ ಕಲ್ಲುಗಳು ಬೇಕಾದಷ್ಟಿದ್ದವು. ಹಳ್ಳದಲ್ಲಿ ಕಲ್ಲಿನ ಕಂಬಗಟ್ಟೆ ಎಬ್ಬಿಸಿ, ಅದರ ಮೇಲೆ ಆರು ಚಪ್ಪಡಿ ಹಾಸಿದರೆ ಒಬ್ಬರು ನಡೆದು ದಾಟುವಷ್ಟು ಸೇತುವೆಯಾಗುತ್ತಿತ್ತು.

ಊರಿನ ಹಿರಿಯರು ನಕ್ಕರು.

"ಏನ್ರಪ್ಪಾ, ನಿಮ್ಮ ಮನೆಯ ಹಿತ್ತಿಲ ಗೋಡೆ ಬಿದ್ದು ಮೂರು ವರ್ಷ ಆಯಿತು. ಅದಕ್ಕೆ ಒಂದು ಕಲ್ಲು ಎತ್ತಿಡಲಿಲ್ಲ. ಈಗ ಹಳ್ಳಕ್ಕೆ ಸೇತುವೆಯಂತೆ!" ಎಂದನು ಒಬ್ಬ.

"ಹಿತ್ತಿಲ ಗೋಡೆ ಬಿದ್ದರೆ ಆಡು ಒಳಗೆ ಬರುತ್ತದೆ ಅಷ್ಟೇ ಮಾವ, ಯಾರೂ ಸಾಯುವುದಿಲ್ಲವಲ್ಲ" ಎಂದನು ಸೋಮಲಿಂಗ.

ಹನ್ನೊಂದು ಮಂದಿ ಸಾಲರು ಎಂದು ಅವರಿಗೇ ಗೊತ್ತಿತ್ತು. ಕೇರಿಯವರೂ ಕೈಜೋಡಿಸಿದರೆ ಮಳೆಗೆ ಮುಂಚೆ ಮುಗಿದೀತು. ಅದು ಕೇರಿಯವರಿಗೇ ಬೇಕಾದ ಕೆಲಸ, ಹೇಳಿದರೆ ಸಾಕು, ಬರುತ್ತಾರೆ ಎಂದುಕೊಂಡರು. ಹೇಳುವುದಕ್ಕೆ ಹಲಗೆಯವನನ್ನು ಕರೆದರು. ಏನೆಂದು ಸಾರಬೇಕೆಂದು ಹೊನ್ನವ್ವ ಹೇಳಿಕೊಟ್ಟಳು. ಕೂಲಿಯ ಆಸೆಯಿಂದ ಬಂದು ಆಮೇಲೆ ಬೇಸರಪಡಬಾರದು ಎಂದು, ಕೂಲಿ ಇಲ್ಲವೆನ್ನುವ ಮಾತನ್ನು ಮೊದಲೇ ಸೇರಿಸಿದಳು. ಸಂಜೆ ಹಲಗೆಯವನು ಕೇರಿಯ ಬೀದಿಯಲ್ಲಿ ನಿಂತು ಬಡಿದು ಸಾರಿದನು.

"ಕೇಳ್ರಪ್ಪೋ ಕೇಳಿ! ನಾಳೆ ಬೆಳಿಗ್ಗೆ ಹಳ್ಳದಲ್ಲಿ ಬಿಟ್ಟಿ ಕೆಲಸ! ಮನೆಗೊಬ್ಬರು ಬರಬೇಕು!"

ಮರುದಿನ ಬೆಳಿಗ್ಗೆ ಹನ್ನೊಂದು ಮಂದಿ ಹಳ್ಳದಲ್ಲಿ ನಿಂತು ಕಾದರು. ಹೊತ್ತು ಏರಿತು. ಆಚೆಯಿಂದ ಯಾರೂ ಬರಲಿಲ್ಲ. ಹೊಗೆ ಏಳಲಿಲ್ಲ, ಕೋಳಿ ಕೂಗಲಿಲ್ಲ. ಕೊನೆಗೆ ಅವರೇ ಹಳ್ಳ ದಾಟಿ ಕೇರಿಗೆ ಹೋದರು.

ಕೇರಿ ಖಾಲಿಯಾಗಿತ್ತು. ಮನುಷ್ಯರೂ ಇರಲಿಲ್ಲ, ಆಡು ಕೋಳಿಗಳೂ ಇರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಇಪ್ಪತ್ತು ಮನೆಗಳಲ್ಲಿ ಒಂದಕ್ಕೂ ಬಾಗಿಲು ಇರಲಿಲ್ಲ. ಗೋಡೆ ಇತ್ತು, ಮಾಡು ಇತ್ತು, ಹೊಸ್ತಿಲು ಇತ್ತು. ಬಾಗಿಲು ಇರಬೇಕಾದ ಕಡೆ ಬರೀ ಕತ್ತಲೆ ಇತ್ತು.

"ಕಳ್ಳರು ಬಂದಿದ್ದರೇ?" ಎಂದಳು ನೇಕಾರರ ಹುಡುಗಿ.

"ಯಾವ ಕಳ್ಳ ಬಾಗಿಲು ಕದ್ದು ಬೀಗ ಬಿಟ್ಟು ಹೋಗುತ್ತಾನೆ?" ಎಂದನು ಕಮ್ಮಾರನ ಮಗ. ಹೊಸ್ತಿಲ ಪಕ್ಕದಲ್ಲಿ ಬೀಗ ಬಿದ್ದಿತ್ತು. "ಓಡಿಹೋಗಿದ್ದಾರೆ. ಕೆಲಸ ಮಾಡಬೇಕಾಗುತ್ತದೆ ಎಂದು ಓಡಿಹೋಗಿದ್ದಾರೆ. ನಾವು ಯಾರಿಗಾಗಿ ಕಲ್ಲು ಹೊರಬೇಕು? ನಡೆಯಿರಿ ಮನೆಗೆ."

ಹೊನ್ನವ್ವ ನೆಲ ನೋಡಿದಳು. ಆಡಿನ ಹೆಜ್ಜೆಗಳು ಕೇರಿಯ ಹಿಂದಿನ ಗುಡ್ಡದ ಕಡೆ ಹೋಗಿದ್ದವು. "ನೀವು ಇಲ್ಲೇ ಇರಿ" ಎಂದು ಹೇಳಿ ಅವಳು ಒಬ್ಬಳೇ ಹೋದಳು.

ಗುಡ್ಡದ ಹಿಂದೆ ಬಂಡೆಗಳ ನೆರಳಿನಲ್ಲಿ ಕೇರಿಯವರೆಲ್ಲ ಕೂತಿದ್ದರು. ಒಂದೊಂದು ಮನೆಯವರ ಪಕ್ಕದಲ್ಲೂ ಒಂದೊಂದು ಬಾಗಿಲು ಮಲಗಿತ್ತು. ಒಂದು ಬಾಗಿಲ ಮೇಲೆ ಕೂಸೊಂದು ನಿದ್ದೆ ಮಾಡುತ್ತಿತ್ತು. ಇನ್ನೊಂದರ ಮೇಲೆ ಬಸುರಿ ಹುಡುಗಿ ಕಾಲು ಚಾಚಿ ಒರಗಿದ್ದಳು. ಅವಳ ಪಕ್ಕದಲ್ಲಿ ಹಿರಿಯಜ್ಜಿ ಕೂತಿದ್ದಳು.

"ಹಿಡಿದುಕೊಂಡು ಹೋಗುವುದಕ್ಕೆ ಎಷ್ಟು ಜನ ಬಂದಿದ್ದೀರಿ?" ಎಂದಳು ಅಜ್ಜಿ.

"ನಾನೊಬ್ಬಳೇ ಅಜ್ಜಿ. ಯಾರನ್ನು ಹಿಡಿಯುವುದು?"

"ಯಾರ ಮಗಳು ನೀನು?"

"ಸೂಲಗಿತ್ತಿಯ ಮಗಳು."

"ನಿಮ್ಮವ್ವ ನಮ್ಮ ಕೇರಿಯ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವಳು. ಅವಳ ಮಗಳಾಗಿ ನಮ್ಮ ಬೀದಿಯಲ್ಲಿ ಬಿಟ್ಟಿ ಸಾರಿಸಿದೆಯಾ?"

"ಬಿಟ್ಟಿ ಅಂದರೆ ಪುಕ್ಕಟೆ ಅಲ್ಲವೇ ಅಜ್ಜಿ? ಕೂಲಿ ಇಲ್ಲ ಎಂದು ಹೇಳಿಸಿದೆ, ಅಷ್ಟೇ."

"ಕೇಳಿದಿರೇನ್ರೋ? ಪುಕ್ಕಟೆಯಂತೆ!" ಎಂದನು ಒಬ್ಬ ಮುದುಕ. ಒಂದಿಬ್ಬರು ನಕ್ಕರು. ಆ ನಗು ಚೆನ್ನಾಗಿರಲಿಲ್ಲ.

ಅಜ್ಜಿ ನಗಲಿಲ್ಲ. ಅವಳು ಹೇಳಿದಳು.

"ಆ ದಿಬ್ಬದ ಕೋಟೆ ಕಟ್ಟುವಾಗ ನನಗೆ ಹನ್ನೆರಡು ವರ್ಷ. ಬೆಳಗಾದರೆ ನಿನ್ನ ಹಾಗೆಯೇ ಹಲಗೆ ಬಡಿಸುತ್ತಿದ್ದರು. ಬಿಟ್ಟಿ, ಮನೆಗೊಬ್ಬರು. ಕೂಲಿ ಇಲ್ಲ ಅನ್ನುವುದು ನಮಗೆ ದೊಡ್ಡದಲ್ಲ ಮಗಳೇ. ಮದುವೆ ಮನೆಯಲ್ಲಿ ಕೂಲಿ ಇಲ್ಲದೆ ದುಡಿಯುತ್ತೇವೆ, ಸತ್ತವರ ಮನೆಯಲ್ಲಿ ದುಡಿಯುತ್ತೇವೆ. ಒಂದು ದಿನ ನಮ್ಮಪ್ಪನಿಗೆ ಜ್ವರ ಬಂತು. ಹೋಗಲಿಲ್ಲ. ಸಂಜೆಗೆ ನಾಲ್ಕು ಜನ ಬಂದು ನಮ್ಮ ಮನೆಯ ಬಾಗಿಲು ಕಿತ್ತುಕೊಂಡು ಹೋದರು. ಬಿಟ್ಟಿಗೆ ಬಾರದವನ ಮನೆಗೆ ಬಾಗಿಲು ಇರಬಾರದು, ಅದು ಅವರ ಕಟ್ಟಳೆ. ಆ ವರ್ಷವೆಲ್ಲ ಬಾಗಿಲಿಲ್ಲದ ಮನೆಯಲ್ಲಿ ಮಲಗಿದೆವು. ತೋಳ ಬಂದು ನನ್ನ ತಮ್ಮನನ್ನು ಎಳೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ಈ ಕೇರಿಯಲ್ಲಿ ಯಾರೂ ಬಾಗಿಲಿಗೆ ಕಬ್ಬಿಣದ ಕೀಲು ಹಾಕಿಸಲಿಲ್ಲ. ಹಗ್ಗದಿಂದ ಕಟ್ಟುತ್ತೇವೆ. ಹಲಗೆ ಕೇಳಿಸಿದರೆ ಬಿಚ್ಚುತ್ತೇವೆ, ಹೊರುತ್ತೇವೆ, ಗುಡ್ಡಕ್ಕೆ ಬರುತ್ತೇವೆ. ನಿನ್ನೆ ಅದನ್ನೇ ಮಾಡಿದೆವು."

ಹೊನ್ನವ್ವ ಅಜ್ಜಿಯ ಎದುರು ನೆಲದ ಮೇಲೆ ಕೂತಳು.

"ತಪ್ಪಾಯಿತು ಅಜ್ಜಿ. ಆ ಮಾತು ಹೇಳಿಸಿದವಳು ನಾನು, ಉಳಿದವರಲ್ಲ. ನೀವು ಬಾರದಿದ್ದರೆ ಯಾರೂ ಏನೂ ಮಾಡುವುದಿಲ್ಲ."

"ಮೊದಲನೆಯ ದಿನ ಅವರೂ ಹಾಗೆಯೇ ಹೇಳಿದ್ದರು."

ಹೊನ್ನವ್ವ ಎದ್ದಳು. "ಬಿಸಿಲು ಏರುತ್ತಿದೆ. ಬಸುರಿಯನ್ನು ಕರೆದುಕೊಂಡು ಮನೆಗೆ ಬನ್ನಿ. ನಿಮ್ಮನ್ನು ಇನ್ನು ಯಾರೂ ಕರೆಯುವುದಿಲ್ಲ. ಕೆಲಸ ನಾವು ಮಾಡುತ್ತೇವೆ" ಎಂದಳು. ಗುಡ್ಡ ಇಳಿದು ಬಂದಳು.

ಗುರುಗಳು ಇಲ್ಲಿ ಸ್ವಲ್ಪ ತಡೆದರು. ಶಿಷ್ಯನು ಕೇಳಿದನು. "ಆ ಹುಡುಗರಿಗೆ ಸಿಟ್ಟು ಬರಲಿಲ್ಲವೇ? ಮಾಡದ ತಪ್ಪಿಗೆ ಅನುಮಾನ ಹೊರಬೇಕಾಯಿತು."

"ಬಂತು. ಯೌವನದಲ್ಲಿ ಸಿಟ್ಟು ಬಾರದೆ ಇರುತ್ತದೆಯೇ? ಆದರೆ ಆ ಸಿಟ್ಟನ್ನು ಅವರು ಕಲ್ಲಿನ ಮೇಲೆ ತೀರಿಸಿಕೊಂಡರು" ಎಂದು ಗುರುಗಳು ಕತೆ ಮುಂದುವರಿಸಿದರು.

ಹೊನ್ನವ್ವ ಹೇಳಿದ್ದನ್ನು ಕೇಳಿ ಹತ್ತು ಮಂದಿಯೂ ಕೂತುಬಿಟ್ಟರು. ಅವರೆಲ್ಲ ಬಾಯಲ್ಲಿ ಆ ಪದವನ್ನು ದಿನವೂ ಆಡಿದವರು. ಬಿಟ್ಟಿ ಊಟ, ಬಿಟ್ಟಿ ಆಟ ಎಂದು ನಕ್ಕವರು. ಕಮ್ಮಾರನ ಮಗ ಮೊದಲು ಎದ್ದನು. ಅವನೇ ಮನೆಗೆ ಹೋಗೋಣ ಎಂದಿದ್ದವನು.

"ಕೂತರೆ ಕಲ್ಲು ತಾನಾಗಿ ನಡೆದು ಬರುತ್ತದೆಯೇ? ಏಳಿ" ಎಂದನು.

ಅಂದೇ ಕೆಲಸ ಹಿಡಿದರು. ಹಳ್ಳದ ತಳ ಅಗೆದು ಕಂಬಗಟ್ಟೆಗಳಿಗೆ ಪಾಯ ಹಾಕಿದರು. ಹತ್ತು ದಿನದಲ್ಲಿ ಐದು ಕಟ್ಟೆ ಎದ್ದವು. ಆಮೇಲೆ ಚಪ್ಪಡಿ ಹೊರುವ ಕೆಲಸ ಬಂತು. ಒಂದು ಚಪ್ಪಡಿಗೆ ಕಡಿಮೆಯೆಂದರೂ ಹನ್ನೊಂದು ಮಂದಿ ಬೇಕು. ಮರದ ಬೊಡ್ಡೆಗಳನ್ನು ಅಡ್ಡ ಹಾಕಿ ಹಗ್ಗ ಬಿಗಿದು ಎತ್ತಿದರು. ಅವರು ಕಲ್ಲು ಹೊತ್ತು ಬಲ್ಲವರಲ್ಲ. ಮೊದಲನೆಯ ಚಪ್ಪಡಿ ದಿಬ್ಬದ ಇಳಿಜಾರಿನಲ್ಲಿ ಜಾರಿ ಬಿದ್ದು ಎರಡು ತುಂಡಾಯಿತು. ಹೊನ್ನವ್ವನ ಕಾಲ್ಬೆರಳು ಜಜ್ಜಿತು. ತಾಯಿ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಸಾಕು ಬಿಡು ಎನ್ನಲಿಲ್ಲ. ಮರುದಿನ ಹುಡುಗಿ ಕುಂಟಿಕೊಂಡು ಹೋದಳು.

ಆ ಹುಡುಗರನ್ನು ನೀನು ನೋಡಬೇಕಿತ್ತು. ಹೆಗಲ ಚರ್ಮ ಸುಲಿದಿತ್ತು. ಬೇವಿನ ಎಲೆ ಅರೆದು ಹಚ್ಚಿಕೊಂಡು ಮತ್ತೆ ಹೆಗಲು ಕೊಡುತ್ತಿದ್ದರು. ಮನೆಯಲ್ಲಿ ಬೈಗುಳ, ಬೀದಿಯಲ್ಲಿ ಕುಹಕ. ಸೇತುವೆ ಮುಗಿದರೆ ಅವರಲ್ಲಿ ಒಬ್ಬರೂ ಅದರ ಮೇಲೆ ದಿನಾ ನಡೆಯುವವರಲ್ಲ. ಅವರ ಮನೆ, ಹೊಲ, ಸಂತೆ ಎಲ್ಲ ಈಚೆಗೇ ಇದ್ದವು. ಆದರೂ ಬೆಳಗಾದರೆ ಬರುತ್ತಿದ್ದರು. ಸಂಜೆಯವರೆಗೆ ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಇರುತ್ತಿದ್ದರು. ದಿನಕ್ಕೊಂದು ಚಪ್ಪಡಿಯೂ ಆಗುತ್ತಿರಲಿಲ್ಲ. ಎರಡು ದಿನಕ್ಕೊಂದು.

ಕೇರಿಯವರು ಮನೆಗಳಿಗೆ ಮರಳಿದ್ದರು. ಆದರೆ ಹಳ್ಳದ ಕಡೆ ಬರಲಿಲ್ಲ. ಮಾತಿಗೆ ತಪ್ಪದೆ ಇವರೂ ಕರೆಯಲಿಲ್ಲ.

ಎರಡನೆಯ ಚಪ್ಪಡಿ ಕೂತ ಮರುದಿನ ಹಿರಿಯಜ್ಜಿ ಕೋಲೂರಿಕೊಂಡು ಬಂದಳು. ಆಚೆ ದಡದ ಜಾಲಿಯ ನೆರಳಿನಲ್ಲಿ ಕೂತಳು. ಹುಡುಗರು ಕೈ ಮುಗಿದರು. ಅವಳು ತಲೆಯಾಡಿಸಲೂ ಇಲ್ಲ. ದಿನವೆಲ್ಲ ಕೂತು ನೋಡಿದಳು, ಸಂಜೆ ಎದ್ದು ಹೋದಳು. ಮರುದಿನ ಮತ್ತೆ ಬಂದು ಕೂತಳು. ಅದರ ಮರುದಿನವೂ ಬಂದಳು.

"ಏನು ನೋಡುತ್ತಾಳೋ! ನಮ್ಮಲ್ಲಿ ಮೊಮ್ಮಗಳ ತಂಗಿಗೆ ವರ ಹುಡುಕುತ್ತಿದ್ದಾಳೋ ಏನೋ" ಎಂದನು ಸೋಮಲಿಂಗ.

"ನಿನ್ನನ್ನು ನೋಡಿಯೇ ಆಸೆ ಬಿಟ್ಟಿರುತ್ತಾಳೆ" ಎಂದಳು ನೇಕಾರರ ಹುಡುಗಿ.

ನಾಲ್ಕನೆಯ ದಿನ ಸೋಮಲಿಂಗ ಬರಲಿಲ್ಲ. ಹೊತ್ತಾಯಿತು, ಆದರೂ ಬರಲಿಲ್ಲ. ಅವನ ಮನೆಗೆ ಹೋಗಿ ಕೇಳಿದರು. ಪಕ್ಕದ ಊರಿನಲ್ಲಿ ಸೋದರತ್ತೆಯ ಮಗನ ಮದುವೆ, ನಸುಕಿನಲ್ಲೇ ಗಾಡಿ ಹತ್ತಿದ ಎಂದರು. ಯಾರಿಗೂ ಹೇಳಿ ಹೋಗಿರಲಿಲ್ಲ. ಹಿಂದಿನ ದಿನ ದಂಡೆಯವರೆಗೆ ತಂದಿಟ್ಟಿದ್ದ ಚಪ್ಪಡಿಗೆ ಹತ್ತು ಮಂದಿ ಹೆಗಲು ಕೊಟ್ಟು ನೋಡಿದರು. ಅದು ನೆಲ ಬಿಡಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಬಸುರಿಗೆ ದಿನ ತುಂಬುತ್ತಿತ್ತು. ಇನ್ನೂ ಮೂರು ಚಪ್ಪಡಿ ಬಾಕಿ, ಅದರಲ್ಲಿ ನಡುವಿನದು ಎಲ್ಲಕ್ಕಿಂತ ದೊಡ್ಡದು.

ಕಮ್ಮಾರನ ಮಗ ಹಗ್ಗವನ್ನು ನೆಲಕ್ಕೆ ಎಸೆದನು. "ಒಬ್ಬನಿಂದ ಇಡೀ ದಿನ ಹಾಳು! ಬರಲಿ ಅವನು ನಾಳೆ, ತೋರಿಸುತ್ತೇನೆ!" ಎಂದು ಕೂಗಿದನು. ಆ ಮಾತು ಆಚೆ ದಡಕ್ಕೂ ಕೇಳಿಸಿತು. ಅಜ್ಜಿ ಕತ್ತು ಎತ್ತಿ ನೋಡಿದಳು.

ಆ ದಿನ ಹತ್ತು ಮಂದಿ ಮರಳು ತೆಗೆದು ಕಟ್ಟೆಗಳ ಬುಡ ಭದ್ರ ಮಾಡಿದರು. ಕಮ್ಮಾರನ ಮಗ ಸಂಜೆಯವರೆಗೆ ದೂರದ ಕಟ್ಟೆಯ ಬುಡದಲ್ಲಿ ಒಬ್ಬನೇ ಅಗೆದನು.

ಐದನೆಯ ದಿನ ಅಜ್ಜಿ ಎಂದಿಗಿಂತ ಮೊದಲೇ ಬಂದಳು. ಆ ದಿನ ಜಾಲಿಯ ನೆರಳಿನಲ್ಲಿ ಕೂರಲಿಲ್ಲ. ಹಳ್ಳಕ್ಕೆ ಇಳಿದು, ಕಟ್ಟೆಯ ಹತ್ತಿರದ ಕಲ್ಲಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಸೋಮಲಿಂಗ ಬಂದನು. ತಲೆ ತಗ್ಗಿಸಿಕೊಂಡು ಬಂದನು. ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಕಮ್ಮಾರನ ಮಗ ಹಾರೆಯನ್ನು ಕೆಳಗಿಟ್ಟು ಅವನ ಎದುರಿಗೆ ಹೋಗಿ ನಿಂತನು.

"ಮದುವೆ ಊಟ ಹೇಗಿತ್ತು?"

"ಚೆನ್ನಾಗಿತ್ತು" ಎಂದನು ಸೋಮಲಿಂಗ, ನೆಲ ನೋಡುತ್ತ.

"ಎಷ್ಟು ಹೋಳಿಗೆ ತಿಂದೆ?"

"ಏಳು."

"ಏಳು ಹೋಳಿಗೆ ತಿಂದವನು ಇವತ್ತು ಮುಂದಿನ ತುದಿಗೆ ಹೆಗಲು ಕೊಡಬೇಕಪ್ಪಾ! ಹಿಂದೆ ನಿಂತರೆ ನಾವು ಬಿಡುವುದಿಲ್ಲ. ಗಂಟಿನಲ್ಲಿ ಏನದು?"

"ನಿಮಗೇ ತಂದೆ. ಅತ್ತೆ ಕಟ್ಟಿಕೊಟ್ಟಳು. ಹೇಳದೆ ಹೋದೆ, ಬೈಯಬೇಡಿ. ಹೇಳಿದರೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ."

"ಬೈಯುವುದು ಇದ್ದೇ ಇದೆ. ಮೊದಲು ಗಂಟು ಬಿಚ್ಚು" ಎಂದಳು ನೇಕಾರರ ಹುಡುಗಿ.

ಎಲ್ಲರೂ ನಕ್ಕರು. ಕಲ್ಲಿನ ಮೇಲೆ ಕೂತು ಹೋಳಿಗೆ ಹಂಚಿಕೊಂಡು ತಿಂದರು. ಸೋಮಲಿಂಗ ಒಂದನ್ನು ತೆಗೆದು ಅಜ್ಜಿಯ ಕೈಗೆ ಇಟ್ಟನು. "ತಿನ್ನಿ ಅಜ್ಜಿ, ಮೆತ್ತಗಿದೆ, ಹಲ್ಲು ಬೇಕಿಲ್ಲ" ಎಂದನು. ಆಮೇಲೆ ಹೋಗಿ ಬೊಡ್ಡೆಯ ಮುಂದಿನ ತುದಿಗೆ ಹೆಗಲು ಕೊಟ್ಟನು.

ಅಜ್ಜಿ ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಹೊನ್ನವ್ವನನ್ನು ಹತ್ತಿರ ಕರೆದಳು.

"ಈ ಹುಡುಗ ನಿನ್ನೆ ಬಂದಿರಲಿಲ್ಲ."

"ಹೌದು ಅಜ್ಜಿ. ಮದುವೆಗೆ ಹೋಗಿದ್ದ."

"ನಿಮ್ಮ ಒಂದು ದಿನ ಹೋಯಿತು."

"ಹೋಯಿತು."

"ಅವನಿಗೆ ಏನು ಮಾಡುತ್ತೀರಿ?"

ಹೊನ್ನವ್ವನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ಏನು ಮಾಡಬೇಕು ಅಜ್ಜಿ?" ಎಂದು ಕೇಳಿದಳು. ಆ ಕಡೆಯಿಂದ ಯಾರೋ ಅವಳನ್ನು ಕರೆದರು. ಅವಳು ಹಗ್ಗ ಹಿಡಿಯಲು ಓಡಿದಳು.

ಅಜ್ಜಿ ಹೋಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕೋಲೂರಿಕೊಂಡು ಎದ್ದು ಕೇರಿಗೆ ಹೋದಳು. ಅಲ್ಲಿ ಅವಳು ಏನು ಹೇಳಿದಳೋ ಯಾರಿಗೂ ತಿಳಿಯದು. ಬಿಸಿಲು ನೆತ್ತಿಗೆ ಬರುವ ಮೊದಲು ಕೇರಿಯಿಂದ ಇಪ್ಪತ್ತಾರು ಮಂದಿ ಬಂದರು. ಕೆಲವು ಮನೆಗಳಿಂದ ಮೂವರು ಬಂದರು. ಕೆಲವು ಮನೆಗಳಿಂದ ಯಾರೂ ಬರಲಿಲ್ಲ. ಹುಡುಗರು ಎಣಿಸಲಿಲ್ಲ, ಕೇಳಲಿಲ್ಲ. ಸರಿದು ಜಾಗ ಮಾಡಿಕೊಟ್ಟರು.

ಕಲ್ಲು ಹೊರುವುದು ಹೇಗೆಂದು ಆ ಕೇರಿಯವರಿಗೆ ತಿಳಿದಿತ್ತು. ಕೋಟೆಯ ಒಂದೊಂದು ಕಲ್ಲನ್ನೂ ಅವರ ಹಿರಿಯರೇ ಮೇಲಕ್ಕೆ ಸಾಗಿಸಿದ್ದರು. ಎತ್ತರದವರು ಒಂದು ಕಡೆ, ಗಿಡ್ಡರು ಒಂದು ಕಡೆ ಎಂದು ಅಜ್ಜಿ ಸಾಲು ಬದಲಾಯಿಸಿದಳು. ಹೆಗಲ ಮೇಲೆ ಬಟ್ಟೆಯ ಸಿಂಬೆ ಇಡಿಸಿದಳು. ಹಗ್ಗದ ಗಂಟು ಬಿಚ್ಚಿಸಿ ಬೇರೆ ರೀತಿ ಹಾಕಿಸಿದಳು. ಎಡಗಾಲು ಎಲ್ಲರದೂ ಒಟ್ಟಿಗೆ ಏಳಬೇಕು ಎಂದಳು.

"ಹಾಡಬೇಕೇ ಅಜ್ಜಿ? ಭಾರ ಹೊರುವವರು ಹಾಡುತ್ತಾರಲ್ಲ" ಎಂದನು ಸೋಮಲಿಂಗ.

"ಕೋಟೆಗೆ ಹೊರುವಾಗ ಹಾಡಲೇಬೇಕು ಎಂದು ಅಪ್ಪಣೆ ಇತ್ತು. ಇವತ್ತು ಬೇಕಾದವರು ಹಾಡಿ, ಬೇಡವಾದವರು ಸುಮ್ಮನೆ ನಡೆಯಿರಿ" ಎಂದಳು ಅಜ್ಜಿ.

ಸೋಮಲಿಂಗ ಹಾಡಿದನು. ಅವನ ದನಿ ಕೆಟ್ಟದಾಗಿತ್ತು. ಇಳಿಜಾರಿನ ಅರ್ಧಕ್ಕೆ ಬರುವಾಗ ಕೇರಿಯ ಮುದುಕನೊಬ್ಬ ತಡೆಯಲಾರದೆ, "ಏ ಹುಡುಗಾ, ನೀನು ನಿಲ್ಲಿಸು, ನಾನು ಹೇಳಿಕೊಡುತ್ತೇನೆ" ಎಂದು ತಾನೇ ಎತ್ತಿಕೊಂಡನು. ಗುಡ್ಡದ ಹಿಂದೆ ಆ ದಿನ ಪುಕ್ಕಟೆಯಂತೆ ಎಂದು ಹಂಗಿಸಿದವನು ಅವನೇ. ಮೂವತ್ತೇಳು ಮಂದಿ ನಡುವಿನ ದೊಡ್ಡ ಚಪ್ಪಡಿಯನ್ನು ಒಂದೇ ಮಧ್ಯಾಹ್ನದಲ್ಲಿ ಇಳಿಸಿ ಕಟ್ಟೆಗಳ ಮೇಲೆ ಕೂರಿಸಿದರು. ಉಳಿದ ಎರಡು ಮರುದಿನ ಕೂತವು.

ಮೂರು ದಿನ ಕಳೆದು ಮಳೆ ಹಿಡಿಯಿತು. ಒಂದೇ ದಿನದಲ್ಲಿ ಹಳ್ಳ ತುಂಬಿತು. ಅದರ ಮರುದಿನ ಬೆಳಿಗ್ಗೆ ಆಚೆ ದಡದಲ್ಲಿ ಒಬ್ಬನು ನಿಂತು ಕೈ ಬೀಸಿದನು. ಸೂಲಗಿತ್ತಿ ತನ್ನ ಗಂಟು ತೆಗೆದುಕೊಂಡು ಬಂದಳು. ನೀರು ಚಪ್ಪಡಿಗಳ ಕೆಳಗೆ ಒಂದು ಗೇಣಿನಲ್ಲಿ ಕೆಂಪಗೆ ಹರಿಯುತ್ತಿತ್ತು. ಅವಳು ನಡುವಿನ ಚಪ್ಪಡಿಯ ಮೇಲೆ ಒಂದು ಗಳಿಗೆ ನಿಂತಳು. ಕಳೆದ ವರ್ಷ ತಾನು ಎರಡು ದಿನ ನಿಂತಿದ್ದ ದಂಡೆಯನ್ನು ತಿರುಗಿ ನೋಡಿದಳು. ಅಲ್ಲಿ ಈಗ ಅವಳ ಮಗಳು ನಿಂತಿದ್ದಳು. ಆಮೇಲೆ ಅವಳು ಬೇಗ ಬೇಗ ಹೆಜ್ಜೆ ಹಾಕಿ ಕೇರಿಯೊಳಗೆ ಹೋದಳು.

ಹನ್ನೊಂದು ಮಂದಿ ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಈಚೆ ದಂಡೆಯಲ್ಲಿ ಕಾದರು. ದಾಟಿ ಹೋಗಿ ಕೇಳಬಹುದಿತ್ತು. ಯಾರಿಗೂ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿಯೇ ಹೊರಗೆ ಬಂದಳು. ಮಳೆನೀರಿಗೆ ಕೈ ಒಡ್ಡಿ ತೊಳೆದುಕೊಂಡಳು. ಮಗಳ ಕಡೆ ನೋಡಿ, ಎರಡು ಬೆರಳು ಎತ್ತಿ ತೋರಿಸಿದಳು. ತಾಯಿ ಒಂದು, ಮಗು ಒಂದು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು.

"ಎಂಥ ಹುಡುಗಿ ಗುರುಗಳೇ! ತಪ್ಪು ಒಪ್ಪಿಕೊಂಡಳು, ಕಾಲು ಜಜ್ಜಿದರೂ ಬಿಡಲಿಲ್ಲ. ಆ ಅಜ್ಜಿಯೂ ಹಾಗೆಯೇ, ಅಷ್ಟು ನೋವು ಉಂಡವಳು ಎದ್ದು ಬಂದಳು. ಆ ಸೇತುವೆಗೆ ಒಬ್ಬರ ಹೆಸರು ಇಡುವುದಾದರೆ ಯಾರ ಹೆಸರು ಇಡಬೇಕು?"

"ಆ ಒಂದು ದಿನ ಬಾರದೆ ಹೋದವನದು" ಎಂದರು ಗುರುಗಳು.

ಮುಂದಿನ ಭಾನುವಾರ ಶಿಷ್ಯನು ಯಾರ ಹೆಸರನ್ನೂ ಬರೆದುಕೊಳ್ಳದೆ, ತಾನೂ ಹೂಳು ತೆಗೆಯಲು ಕಲ್ಯಾಣಿಗೆ ಇಳಿದನು.